ಹೋಲಿಕೆಗೆ ಹತ್ತನೇ ಮನೆ

ಬಾಟ್ಲಿ ಹಿಡಿದು ಮನೆಮನೆ ತಿರುಗಿದವಳ ಕಥೆ ಇದು. ಒಂದಲ್ಲ ಎರಡಲ್ಲ, ಹನ್ನೊಂದು ವರ್ಷ ತಿರುಗಿದಳು. ನಗರದ ಆರೋಗ್ಯ ಕಚೇರಿಯಲ್ಲಿ ಅವಳ ಕೆಲಸವೇ ಅದು. ಬೆಳಿಗ್ಗೆ ಎಂಟಕ್ಕೆ ಇಪ್ಪತ್ತು ಬಾಟ್ಲಿಗಳ ಪೆಟ್ಟಿಗೆ ಹೆಗಲಿಗೇರಿಸಿ ಹೊರಡಬೇಕು, ಯಾರದೋ ಅಡುಗೆಮನೆಯ ನಲ್ಲಿ ತಿರುಗಿಸಿ ಎರಡು ನಿಮಿಷ ನೀರು ಹರಿಯಬಿಡಬೇಕು, ಬಾಟ್ಲಿ ತುಂಬಿ ಚೀಟಿ ಅಂಟಿಸಬೇಕು, ಮಧ್ಯಾಹ್ನದೊಳಗೆ ಪ್ರಯೋಗಶಾಲೆಗೆ ಮುಟ್ಟಿಸಬೇಕು. ಅಪ್ಪ ಅಮ್ಮ ಇಟ್ಟ ಹೆಸರು ಸಂಬಳದ ಪಟ್ಟಿಯಲ್ಲಿ ಮಾತ್ರ ಉಳಿದಿತ್ತು. ಬೀದಿಗೆಲ್ಲ ಅವಳು ಬಾಟ್ಲಿ ಅಕ್ಕ.

"ಬಾಟ್ಲಿ ಅಕ್ಕಾ, ನಮ್ಮ ನೀರು ಪಾಸೋ ಫೇಲೋ?" ಅಂತ ಕಿಟಕಿಯಲ್ಲಿ ತಲೆ ಹಾಕಿ ಕೇಳುವವರು.

"ಪಾಸು ಕಣ್ರೀ. ಆದ್ರೆ ನಿಮ್ಮ ಟ್ಯಾಂಕಲ್ಲಿ ಕಪ್ಪೆ ಸಂಸಾರ ಹೂಡಿದೆ. ಮುಂದಿನ ಸಲ ಫೇಲು!" ಅಂತ ಇವಳು.

ಅವಳು ಹಾಗೆಯೇ. ಇದ್ದದ್ದನ್ನು ಇದ್ದ ಹಾಗೆ, ಮುಖದ ಮೇಲೆ ಹೇಳಿ ಮುಂದಿನ ಮನೆಗೆ ನಡೆಯುವವಳು.

ಇಂಥವಳಿಗೆ ಒಂದು ಓಣಿ ತಲೆ ಕೆಡಿಸಿತು. ಹಳೆ ಬ್ಯಾಟರಿ ಒಡೆದು ಒಳಗಿನ ಸೀಸ ಕರಗಿಸುವವರ ಓಣಿ. ಅಲ್ಲಿ ಪ್ರತಿ ತಿಂಗಳೂ ನೀರು ಪಾಸು. ಮಕ್ಕಳು ಮಾತ್ರ ಹೊಟ್ಟೆನೋವು ಅಂತ ಮುದುಡಿ ಕೂತಿರುತ್ತಿದ್ದರು, ಶಾಲೆಯಲ್ಲಿ ಹಿಂದೆ ಬೀಳುತ್ತಿದ್ದರು. ಮೇಲಧಿಕಾರಿಯನ್ನು ಕೇಳಿದಳು: "ಸಾರ್, ನೀರು ಚೆನ್ನಾಗಿದೆ, ಮಕ್ಕಳು ಯಾಕೆ ಹೀಗೆ?"

ಆತ ಕಡತದಿಂದ ತಲೆ ಎತ್ತದೆ, "ಅದನ್ನ ತಿಳ್ಕೊಳ್ಳೋಕೆ ದೊಡ್ಡ ಓದು ಓದಬೇಕಮ್ಮ" ಅಂದ. ಮಾತು ಮುಗಿಸುವುದಕ್ಕೆ ಅಂದದ್ದು ಅದು. ಇವಳು ನಿಜವೆಂದೇ ನಂಬಿದಳು. ಮೂವತ್ತಾರನೇ ವಯಸ್ಸಿನಲ್ಲಿ ಅರ್ಜಿ ಹಾಕಿ, ಪರಿಸರ ಆರೋಗ್ಯದ ಸ್ನಾತಕೋತ್ತರ ತರಗತಿಯ ಮೊದಲ ಬೆಂಚಿನಲ್ಲಿ ಹೋಗಿ ಕೂತಳು.

ತರಗತಿಯ ತುಂಬಾ ಇಪ್ಪತ್ತೆರಡರ ಹುಡುಗ ಹುಡುಗಿಯರು. "ಅಕ್ಕ, ನೀವು ಒಳಗೆ ಬಂದಾಗ ಮೇಷ್ಟ್ರು ಬಂದ್ರು ಅಂತ ಎದ್ದು ನಿಂತ್ವಿ" ಅಂತ ಮೊದಲ ದಿನವೇ ಕಾಲೆಳೆದರು. ತಿಂಗಳೊಳಗೆ ಅವರೇ ಅವಳ ಪಕ್ಕ ಜಾಗಕ್ಕೆ ಕಿತ್ತಾಡತೊಡಗಿದರು. ಗಾಳಿಯಲ್ಲಿ ಧೂಳು ಎಷ್ಟು ಅಂತ ಅವರಿಗೆ ಪುಸ್ತಕದಲ್ಲಿ ಗೊತ್ತು. ಅಪರಿಚಿತರ ಮನೆ ಬಾಗಿಲು ತಟ್ಟಿ, ಬೈಸಿಕೊಳ್ಳದೆ ಒಳಗೆ ಹೋಗುವುದು ಹೇಗೆ ಅಂತ ಗೊತ್ತಿದ್ದದ್ದು ಅವಳೊಬ್ಬಳಿಗೇ.

ಮನೆಯಲ್ಲಿ ಅವಳ ಓದಿಗೆ ಎಲ್ಲರಿಗಿಂತ ಹೆಚ್ಚು ಹಿಗ್ಗಿದವನು ಅಪ್ಪ. ಅಮ್ಮ ಬಹಳ ಹಿಂದೆಯೇ ಹೋಗಿದ್ದಳು. ಅಣ್ಣ ಬಸ್ ಡ್ರೈವರ್, ಮನೆಗೆ ಬಂದರೆ ನಿದ್ದೆ, ಎದ್ದರೆ ಡ್ಯೂಟಿ. ಅತ್ತಿಗೆ, ಅವರ ನಾಲ್ಕು ವರ್ಷದ ಮಗಳು ಚುಕ್ಕಿ, ಇವಳು, ಅಪ್ಪ. ಐದು ಜನ, ಎರಡು ಕೋಣೆ, ಮುಂದೊಂದು ಪಡಸಾಲೆ.

ಅಪ್ಪ ನಲವತ್ತೊಂದು ವರ್ಷ ಪ್ರೆಸ್ಸಿನಲ್ಲಿ ಮೊಳೆ ಜೋಡಿಸಿದವನು. ಕಂಪ್ಯೂಟರ್ ಬರುವ ಮುಂಚೆ ಪುಸ್ತಕ, ಕರಪತ್ರ, ರಸೀದಿ ಎಲ್ಲ ಅಚ್ಚಾಗುತ್ತಿದ್ದದ್ದು ಹಾಗೆ. ಒಂದೊಂದು ಅಕ್ಷರಕ್ಕೂ ಅಂಗುಲದುದ್ದದ ಒಂದು ಲೋಹದ ಮೊಳೆ. ಮರದ ಪೆಟ್ಟಿಗೆಯ ನೂರಾರು ಗೂಡುಗಳಿಂದ ಒಂದೊಂದನ್ನೇ ಹೆಕ್ಕಿ ಸಾಲು ಕಟ್ಟಬೇಕು, ಅದೂ ತಲೆಕೆಳಗಾಗಿ, ಕನ್ನಡಿಯಲ್ಲಿ ಕಂಡ ಹಾಗೆ. ಅಪ್ಪನಿಗೆ ಗೂಡು ನೋಡಬೇಕಾಗಿಯೇ ಇರಲಿಲ್ಲ. ಬೆರಳಿಗೇ ಕಣ್ಣು. ಎರಡು ಕೈಯೂ ತುಂಬಿದ್ದರೆ ಮುಂದೆ ಬೇಕಾದ ಮೊಳೆಯನ್ನು ತುಟಿಗಳ ನಡುವೆ ಕಚ್ಚಿಕೊಂಡು ನಿಲ್ಲುವುದು ಆ ಕಸುಬಿನವರೆಲ್ಲರ ರೂಢಿ. ಪ್ರೆಸ್ಸು ಮುಚ್ಚಿದ ದಿನ ಯಜಮಾನ, "ನಿನಗೇನು ಬೇಕೋ ತಗೊಂಡು ಹೋಗಪ್ಪ" ಅಂದಾಗ ಅಪ್ಪ ಗಡಿಯಾರ ಕೇಳಲಿಲ್ಲ, ಕುರ್ಚಿ ಕೇಳಲಿಲ್ಲ. ಆರು ಪೆಟ್ಟಿಗೆ ಮೊಳೆ ಗಾಡಿಯಲ್ಲಿ ಹೇರಿಸಿಕೊಂಡು ಬಂದ. ಪಡಸಾಲೆಯ ಕಿಟಕಿಯ ಕೆಳಗೆ ಅವುಗಳ ವಾಸ.

ಆ ಮನೆಯಲ್ಲಿ ಅವನ್ನು ಮೊಳೆ ಅಂತ ಕರೆಯುತ್ತಲೇ ಇರಲಿಲ್ಲ. 'ಅಕ್ಷರ' ಅನ್ನುತ್ತಿದ್ದರು. "ಅಕ್ಷರ ತುಳೀಬೇಡ", "ಅಕ್ಷರದ ಪೆಟ್ಟಿಗೆ ಮೇಲೆ ಲೋಟ ಇಡಬೇಡ." ಹೀಗೆ.

ಚುಕ್ಕಿಗೆ ಮಾತು ಬಂದಿರಲಿಲ್ಲ. ನಾಲ್ಕು ತುಂಬಿದರೂ ಅವಳ ಬಾಯಲ್ಲಿ ಇದ್ದದ್ದು ಎಣಿಸಿ ಹನ್ನೆರಡು ಪದ. ಅತ್ತಿಗೆ ಒಳಗೊಳಗೇ ಬೇಯುತ್ತಿದ್ದಳು. "ನಮ್ಮ ಕಡೆ ಎಲ್ಲ ತಡವಾಗಿ ಮಾತಾಡಿದವರೇ" ಅಂತ ಅಣ್ಣ ಹಾರಿಸುತ್ತಿದ್ದ. ಅಪ್ಪ ಮಾತ್ರ ಕೈಕಟ್ಟಿ ಕೂರಲಿಲ್ಲ. ದಿನಾ ಮಧ್ಯಾಹ್ನ ಮೊಮ್ಮಗಳನ್ನು ಮಡಿಲಲ್ಲಿ ಕೂರಿಸಿಕೊಂಡು, ಸವೆದ ಮೊಳೆಗಳನ್ನು ಅರದಿಂದ ಉಜ್ಜಿ, ಬ್ರಷ್ಷಿನಿಂದ ಕೊಡವಿ, ಒಂದೊಂದನ್ನೇ ಅವಳ ಅಂಗೈಗೆ ಹಾಕುತ್ತಿದ್ದ.

"ಇದು ಏನಮ್ಮಾ ಚುಕ್ಕಿ? ಬಾಯಲ್ಲಿ ಬರದಿದ್ರೆ ಬೇಡ ಬಿಡು. ಮೊದಲು ಕೈಗೆ ಬರಲಿ. ಕೈಗೆ ಬಂದದ್ದು ಬಾಯಿಗೆ ಬರದೆ ಎಲ್ಲಿಗೆ ಹೋದೀತು?"

ಮಗು ಅಂಗೈ ಚಾಚುತ್ತಿತ್ತು. ತಾತ ಇನ್ನೊಂದು ಹಾಕುತ್ತಿದ್ದ. ಅದು ಬಾಯಿ ಬಿಡದಷ್ಟೂ ಅವನು ಹೆಚ್ಚು ಹೆಚ್ಚು ಹಾಕಿದ.

ಎರಡನೇ ವರ್ಷ ಬಂತು, ಪ್ರಬಂಧಕ್ಕೆ ಸ್ವಂತ ಅಧ್ಯಯನ ಮಾಡಬೇಕು. ಅವಳು ಕಣ್ಣು ಮುಚ್ಚಿ ಬ್ಯಾಟರಿ ಓಣಿಯನ್ನೇ ಹಿಡಿದಳು. ಓಣಿಯ ಇಪ್ಪತ್ತು ಮನೆಗಳ ನೆಲದ ಧೂಳು, ಮಕ್ಕಳ ರಕ್ತ ಎರಡರಲ್ಲೂ ಸೀಸ ಎಷ್ಟಿದೆ ಅಂತ ನೋಡುವುದು. ಗಣಿತಕ್ಕೆ ಅಷ್ಟೇ ಸಾಲದು. ಸೀಸದ ಸಂಬಂಧವೇ ಇಲ್ಲದ ಹತ್ತು ಮನೆ ಬೇಕು, ಹೋಲಿಸಿ ನೋಡುವುದಕ್ಕೆ. ಅವಳ ಮಾರ್ಗದರ್ಶಕಿ ಮೇಡಂ ಕಟ್ಟುನಿಟ್ಟಿನ ಹೆಂಗಸು. "ಓಣಿಯ ಮನೆ ಯಾವುದಾದರೂ ಪರವಾಗಿಲ್ಲ. ಹೋಲಿಕೆಯ ಮನೆ ಆರಿಸೋವಾಗ ಎಚ್ಚರ. ಅಲ್ಲಿ ತಪ್ಪಿದರೆ ಎಲ್ಲಾ ತಪ್ಪಿತು" ಅಂದಿದ್ದರು.

ಓಣಿಯವರು ಸುಲಭವಾಗಿ ಒಪ್ಪಿದರು. ಕಷ್ಟವಾದದ್ದು ಹೋಲಿಕೆಯ ಮನೆಗಳೇ. "ನಮ್ಮ ಮಗು ಚೆನ್ನಾಗಿದೆ, ಸುಮ್ಮನೆ ಯಾಕೆ ಸೂಜಿ ಚುಚ್ಚಿಸಲಿ?" ಅನ್ನುವವರಿಗೆ ಏನು ಹೇಳುವುದು? "ಹಿಂದೆ ನೀರು ಕೇಳ್ತಿದ್ಲು, ಈಗ ರಕ್ತ ಕೇಳ್ತಾಳೆ. ಬಾಗಿಲು ಹಾಕ್ಕೊಳ್ರೇ!" ಅಂತ ಒಬ್ಬ ಅಜ್ಜಿ ಬೀದಿಗೆಲ್ಲ ಕೇಳುವಂತೆ ಕೂಗಿದಳು. ಹೇಗೋ ಒಂಬತ್ತು ಮನೆ ಸಿಕ್ಕವು. ಹತ್ತನೆಯವರು ಕೊನೆಯ ದಿನ ಬೆಳಿಗ್ಗೆ ಕೈಕೊಟ್ಟರು.

"ಮೇಡಂ, ನಮ್ಮ ಮನೆಯನ್ನೇ ಸೇರಿಸಬಹುದಾ? ಅಣ್ಣನ ಮಗಳಿಗೆ ನಾಲ್ಕು ವರ್ಷ. ಅಣ್ಣ ಅತ್ತಿಗೆ ಒಪ್ಪಿದ್ದಾರೆ."

"ಸ್ವಂತ ಮನೆಯಾ?" ಮೇಡಂ ಕನ್ನಡಕ ಕೆಳಗಿಳಿಸಿದರು. "ಸೇರಿಸಿ. ಆದರೆ ಸ್ವಂತ ಮನೆ ಅಂತ ಬರೆದಿಡಿ. ಮನೆಯಲ್ಲಿ ಸೀಸದ ಕೆಲಸ ಮಾಡೋರು?"

"ಯಾರೂ ಇಲ್ಲ ಮೇಡಂ. ಅಣ್ಣ ಬಸ್ ಓಡಿಸ್ತಾನೆ. ಅಪ್ಪ ರಿಟೈರಾಗಿದ್ದಾನೆ."

ಫಾರಂನಲ್ಲಿ 'ಮನೆಯಲ್ಲಿ ಸೀಸದ ವಸ್ತು' ಅನ್ನುವ ಜಾಗದಲ್ಲಿ 'ಇಲ್ಲ' ಅಂತ ಬರೆದಳು. ಬೇಕೆಂದು ಮುಚ್ಚಿಟ್ಟದ್ದಲ್ಲ. ಸೀಸ ಎಲ್ಲೆಲ್ಲಿ ಇರುತ್ತದೆ ಅನ್ನುವ ಪಟ್ಟಿಯನ್ನು ಪರೀಕ್ಷೆಗೆಂದು ಬಾಯಿಪಾಠ ಮಾಡಿದ್ದಳು. ಬಣ್ಣ, ಪೈಪು, ಬ್ಯಾಟರಿ, ಬೆಸುಗೆ, ಅಚ್ಚಿನ ಮೊಳೆ. ಅಚ್ಚಿನ ಮೊಳೆ ಅಂತ ಬರೆದು ಅಂಕ ತೆಗೆದುಕೊಂಡವಳೇ ಅವಳು. ಆದರೆ ಅವಳ ಮನೆಯಲ್ಲಿ ಇದ್ದದ್ದು ಮೊಳೆಯಲ್ಲವಲ್ಲ, ಅಕ್ಷರ.

ಪಡಸಾಲೆಯ ನೆಲದ ಮೇಲೆ ಗೇಣಗಲದ ರಟ್ಟಿನ ಚೌಕ ಇಟ್ಟು, ಒಳಗಿನ ಜಾಗವನ್ನು ಒದ್ದೆ ಬಟ್ಟೆಯಿಂದ ಒರೆಸಿ, ಮೂರು ಮಡಿಕೆ ಮಾಡಿ ಟ್ಯೂಬಿಗೆ ಹಾಕಿದಳು. ಅಪ್ಪ ಕುರ್ಚಿಯಲ್ಲಿ ಕೂತು ನೋಡುತ್ತಿದ್ದ.

"ಲೇ, ಇಡೀ ನೆಲ ಒರೆಸು ಅಂದ್ರೆ ಮೈಗಳ್ಳಿ, ಗೇಣು ಜಾಗ ಒರೆಸೋಕೆ ಎಂ.ಎಸ್ಸಿ. ಓದ್ತಾಳೆ ನನ್ನ ಮಗಳು!" ಅಂತ ನಕ್ಕ. ಅವಳೂ ನಕ್ಕಳು. ಚುಕ್ಕಿಯ ರಕ್ತವನ್ನೂ ಅದೇ ದಿನ ತೆಗೆಸಿದಳು.

ಆರು ವಾರದ ಮೇಲೆ ಪ್ರಯೋಗಶಾಲೆಯಿಂದ ಪಟ್ಟಿ ಬಂತು. ಹೆಸರಿಲ್ಲ, ಬರೀ ಸಂಖ್ಯೆ. ಸೀಸ ಐದು ದಾಟಿದರೆ ಯೋಚಿಸಬೇಕು ಅನ್ನುವ ಲೆಕ್ಕ. ಓಣಿಯ ಮಕ್ಕಳ ರಕ್ತದಲ್ಲಿ ಸರಾಸರಿ ಹನ್ನೊಂದು. ಹೋಲಿಕೆಯ ಮನೆಗಳಲ್ಲಿ ಎರಡು, ಮೂರು, ಎರಡು, ಒಂದೂವರೆ. ಅಂದುಕೊಂಡಂತೆಯೇ ಬಂದಿತ್ತು. ಬೆರಳು ಕೊನೆಯ ಸಾಲಿಗೆ ಇಳಿಯಿತು. ಮೂವತ್ತನೇ ಸಂಖ್ಯೆ, ಹತ್ತನೇ ಹೋಲಿಕೆಯ ಮನೆ. ಇಪ್ಪತ್ತಮೂರು. ಧೂಳಿನ ಪಟ್ಟಿಯಲ್ಲೂ ಅದೇ ಮನೆ ಎಲ್ಲಕ್ಕಿಂತ ಮೇಲೆ.

"ಟ್ಯೂಬು ಅದಲುಬದಲಾಗಿದೆ ಮೇಡಂ" ಅಂದಳು.

"ಆಗಿರಬಹುದು. ಇನ್ನೊಂದು ಸಲ ತೆಗೆಯಿರಿ" ಅಂದರು ಮೇಡಂ. ಅವರ ದನಿ ಯಾಕೋ ಮೆತ್ತಗಿತ್ತು.

ಇನ್ನೊಂದು ಸಲ ತೆಗೆದಳು. ಇಪ್ಪತ್ತನಾಲ್ಕು ಬಂತು.

ಅಂದು ಮಧ್ಯಾಹ್ನ ಮನೆಗೆ ಬಂದು ಚೀಲವನ್ನೂ ಇಳಿಸದೆ ಹುಡುಕತೊಡಗಿದಳು. ಗೋಡೆಯ ಬಣ್ಣ ಕೆರೆದು ನೋಡಿದಳು, ಸುಣ್ಣ. ಪೈಪು ನೋಡಿದಳು, ಪ್ಲಾಸ್ಟಿಕ್ಕು. ಪಾತ್ರೆ ತಿರುವಿದಳು, ಸ್ಟೀಲು. ಅಣ್ಣನ ಖಾಕಿ ಅಂಗಿ ಮೂಸಿದಳು. "ಏನೇ ಹುಡುಕ್ತಿದ್ದೀಯಾ, ಪೊಲೀಸ್ ಬಂದ ಹಾಗೆ?" ಅಂತ ಅತ್ತಿಗೆ ಕೇಳಿದರೂ ಹುಡುಕುತ್ತಲೇ ಇದ್ದಳು. ಅಷ್ಟರಲ್ಲಿ ಪಡಸಾಲೆಯಿಂದ ಚುಕ್ಕಿ ಬಂದು ಅವಳ ಕಾಲಿಗೆ ಒರಗಿ ನಿಂತಿತು. ಎರಡು ಪುಟ್ಟ ಕೈಯಲ್ಲೂ ಏನೋ ಹಿಡಿದಿತ್ತು. ಕೈ ತುಂಬಿದೆಯಲ್ಲ, ಅದಕ್ಕೆ ಇನ್ನೊಂದನ್ನು ತುಟಿಗಳ ನಡುವೆ ಕಚ್ಚಿಕೊಂಡಿತ್ತು. ತಾತನ ಹಾಗೆ, ಥೇಟ್ ತಾತನ ಹಾಗೆ.

ಅವಳು ಮಗುವಿನ ಬಾಯಿಂದ ಅದನ್ನು ತೆಗೆದಳು. ಅಂಗೈಯಲ್ಲಿಟ್ಟು ನೋಡಿದಳು. ಅಕ್ಷರ. ಅಚ್ಚಿನ ಮೊಳೆ.

ಮೊದಲು ಹೇಳಬೇಕಾದದ್ದು ಅತ್ತಿಗೆಗೆ, ಹೇಳಿದಳು. ಅತ್ತಿಗೆ ಅಳಲಿಲ್ಲ. ಮಗುವನ್ನು ಎತ್ತಿಕೊಂಡು ಹೋಗಿ ಕೈ ತೊಳೆದಳು, ಬಾಯಿ ತೊಳೆದಳು, ಮತ್ತೆ ಕೈ ತೊಳೆದಳು. ಆಮೇಲೆ ತಿರುಗಿ, "ಊರ ಮಕ್ಕಳ ರಕ್ತ ಎಲ್ಲ ನೋಡ್ಕೊಂಡು ಬಂದೆ. ನಮ್ಮ ಮಗು ನಿನ್ನ ಕಣ್ಣೆದುರೇ ಇತ್ತಲ್ಲೇ" ಅಂದಳು.

ಮಕ್ಕಳ ಡಾಕ್ಟರು ನೋಡಿದರು. ಈ ಮಟ್ಟಕ್ಕೆ ಔಷಧಿ ಕೊಡುವುದಿಲ್ಲ, ಸೀಸ ಎಲ್ಲಿಂದ ಬರುತ್ತಿದೆಯೋ ಅದನ್ನು ಮನೆಯಿಂದ ಹೊರಗೆ ಹಾಕಿ, ಒಳ್ಳೆಯ ಊಟ ಕೊಡಿ, ಮೂರು ತಿಂಗಳಿಗೊಮ್ಮೆ ರಕ್ತ ನೋಡೋಣ ಅಂದರು.

ಇನ್ನು ಉಳಿದವನು ಅಪ್ಪ.

ಕುರ್ಚಿಯ ಎದುರು ನೆಲದ ಮೇಲೆ ಕೂತು, ಎಲ್ಲಾ ಮನೆಗಳಿಗೂ ಹೇಳುವಂತೆ ಮೆಲ್ಲಗೆ, ಒಂದೊಂದಾಗಿ ಹೇಳಿದಳು. ಅಪ್ಪ ಕೇಳಿದ. ಮುಖ ಮೊದಲು ನಗುವುದೋ ಬೇಡವೋ ಅನ್ನುವಂತೆ ಇತ್ತು.

"ನಲವತ್ತೊಂದು ವರ್ಷ ಹಿಡಿದೆನಲ್ಲೇ, ನನಗೇನಾಯ್ತು?"

"ದೊಡ್ಡವರ ಮೈ ಬೇರೆ, ಮಕ್ಕಳ ಮೈ ಬೇರೆ ಅಪ್ಪ."

"ನೀನೂ ಆಡಿದವಳೇ. ಪ್ರೆಸ್ಸಿಗೆ ಬಂದು ನನ್ನ ಕಾಲ ಹತ್ತಿರ ಕೂತು ಆಡ್ತಿದ್ದೆ. ನಿನಗೇನು ಕಮ್ಮಿಯಾಯ್ತು? ಎಂ.ಎಸ್ಸಿ. ಓದ್ತಿಲ್ವಾ?"

"ಆಡದೇ ಇದ್ದಿದ್ರೆ ಏನಾಗಿರ್ತಿದ್ದೆನೋ, ಯಾರಿಗೆ ಗೊತ್ತಪ್ಪ?"

ಅಂದ ಮೇಲೆ ನಾಲಿಗೆ ಕಚ್ಚಿಕೊಂಡಳು. ಆಡಿದ ಮಾತು ಆಡಿಯಾಗಿತ್ತು. ಅಪ್ಪ ತನ್ನ ಕೈ ನೋಡಿಕೊಂಡ. ಬೆರಳ ತುದಿಗಳು ಎಷ್ಟು ತೊಳೆದರೂ ಹೋಗದ ಬೂದುಬಣ್ಣ.

"ಒಂದೇ ಮಾತು ಹೇಳು. ಚುಕ್ಕಿಗೆ ಮಾತು ಬರದೇ ಇರೋದು ಇದರಿಂದಲೇನಾ?"

ಅವಳ ಎರಡು ವರ್ಷದ ಓದು ಇಲ್ಲಿಗೆ ಬಂದು ನಿಂತಿತು. ಸೀಸ ಮೈ ಸೇರಿದ ನೂರು ಮಕ್ಕಳಲ್ಲಿ ಇಷ್ಟು ಮಕ್ಕಳಿಗೆ ಹೀಗಾಗುತ್ತದೆ ಅಂತ ಅವಳು ಹೇಳಬಲ್ಲಳು. ಇಗೋ ಈ ಒಂದು ಮಗುವಿಗೆ ಹೀಗಾದದ್ದು ಇದರಿಂದಲೇ ಅಂತ ಯಾರೂ ಹೇಳಲಾರರು. ಅಲ್ಲ ಅಂತಲೂ ಹೇಳಲಾರರು.

"ಗೊತ್ತಿಲ್ಲ ಅಪ್ಪ."

"ಗೊತ್ತಿಲ್ಲ?"

"ಗೊತ್ತಾಗೋ ದಾರಿ ಇಲ್ಲ. ಇರಬಹುದು. ಇಲ್ಲದೇ ಇರಬಹುದು. ಹುಟ್ಟಿನಿಂದಲೇ ತಡವಾಗೋ ಮಕ್ಕಳೂ ಇರ್ತಾರೆ."

"ಗೊತ್ತಿಲ್ಲ ಅನ್ನೋಕೆ ಎರಡು ವರ್ಷ ಓದಬೇಕಾಯ್ತಾ?" ಅಂದ ಅಪ್ಪ. ಆ ಮಾತಿನಲ್ಲಿ ಕೋಪವಿರಲಿಲ್ಲ. ಇದ್ದಿದ್ದರೆ ಅವಳಿಗೆ ಹಗುರಾಗುತ್ತಿತ್ತು.

ಪೆಟ್ಟಿಗೆಗಳನ್ನು ಎಲ್ಲಿಗೆ ಕಳಿಸುವುದು? ಗುಜರಿಗೆ ಹಾಕಿದರೆ ಅದು ನೆಟ್ಟಗೆ ಬ್ಯಾಟರಿ ಓಣಿಗೇ ಹೋಗುತ್ತದೆ, ಅಲ್ಲಿನ ಕುಲುಮೆಯಲ್ಲಿ ಕರಗುತ್ತದೆ, ಅಲ್ಲಿನ ಮಕ್ಕಳ ಮೈ ಸೇರುತ್ತದೆ. ಅವಳು ಕಚೇರಿಗೆ ಬರೆದು, ಅಪಾಯದ ಕಸ ಒಯ್ಯುವವರನ್ನು ಮುಚ್ಚಳದ ಡ್ರಮ್ಮುಗಳ ಸಮೇತ ಕರೆಸಿದಳು. ಅಣ್ಣ ಅಂದು ರಜೆ ಹಾಕಿ ಅತ್ತಿಗೆಯನ್ನೂ ಮಗುವನ್ನೂ ಅತ್ತಿಗೆಯ ತವರಿಗೆ ಬಿಟ್ಟು ಬಂದಿದ್ದ.

ಡ್ರಮ್ಮು ಒಳಗೆ ಬಂದಾಗ ಅಪ್ಪ ಎದ್ದು ನಿಂತ. "ಸ್ವಲ್ಪ ತಡೀರಪ್ಪ. ಒಂದು ಸಾಲು ಬಿಚ್ಚೋದಿದೆ."

ಅಚ್ಚಾದ ಮೇಲೆ ಸಾಲು ಬಿಚ್ಚಿ, ಒಂದೊಂದು ಮೊಳೆಯನ್ನೂ ಅದರದರ ಗೂಡಿಗೆ ಸೇರಿಸಬೇಕು. ಬಿಚ್ಚದೆ ಬಿಟ್ಟು ಮನೆಗೆ ಹೋಗುವವನನ್ನು ಪ್ರೆಸ್ಸಿನಲ್ಲಿ ಯಾರೂ ಕೆಲಸಗಾರ ಅಂತ ಎಣಿಸುತ್ತಿರಲಿಲ್ಲ. ಸಾಲು ಕಟ್ಟುವ ಅಪ್ಪನ ಕಬ್ಬಿಣದ ಪಟ್ಟಿಯಲ್ಲಿ ಹಿಂದಿನ ವಾರ ಮೊಮ್ಮಗಳಿಗೆಂದು ಕಟ್ಟಿದ ಸಾಲು ಹಾಗೇ ಇತ್ತು. 'ಚುಕ್ಕಿ ಜಾಣೆ. ಚುಕ್ಕಿ ನಾಳೆ ಮಾತಾಡುತ್ತಾಳೆ.'

"ಹೇಗೂ ಎಲ್ಲಾ ಒಂದೇ ಡ್ರಮ್ಮಿಗೆ ಹೋಗೋದಲ್ವಾ ಯಜಮಾನ್ರೇ?" ಅಂದ ಕಸದವನು.

"ಹೋಗಲಿ. ಗೂಡಿಗೆ ಸೇರಿ ಆಮೇಲೆ ಹೋಗಲಿ."

ಅವಳು ಅಪ್ಪನ ಮೂಗಿಗೆ ಮಾಸ್ಕು ಕಟ್ಟಿದಳು, ಕೈಗೆ ಗವಸು ತೊಡಿಸಿದಳು. ಗವಸಿನ ಕೈಗೆ ಗೂಡುಗಳ ಗುರುತು ಹತ್ತಲಿಲ್ಲ. ನಲವತ್ತೊಂದು ವರ್ಷ ನೋಡದೇ ಹಾಕಿದವನು ಬಗ್ಗಿ ಬಗ್ಗಿ, ಕಣ್ಣು ಕಿರಿದು ಮಾಡಿ, ಒಂದೊಂದೇ ಗೂಡು ಹುಡುಕಿ ಹಾಕಿದ. ಅಣ್ಣನೂ ಕಸದವರೂ ಗೋಡೆಗೆ ಒರಗಿ ನಿಂತು ಕಾದರು. ಮುಗಿದ ಮೇಲೆ ಅಪ್ಪನೇ ಮೊದಲ ಪೆಟ್ಟಿಗೆಯ ಒಂದು ಕಡೆ ಹಿಡಿದು ಡ್ರಮ್ಮಿಗೆ ಬಗ್ಗಿಸಿದ. ಆಲಿಕಲ್ಲು ಬಿದ್ದ ಹಾಗೆ ಸದ್ದಾಯಿತು.

ನೆಲವನ್ನು ಮೂರು ಸಲ ತೊಳೆದರು, ಗೋಡೆಗೆ ಹೊಸ ಸುಣ್ಣ ಬಳಿದರು. ಆರು ತಿಂಗಳಲ್ಲಿ ಚುಕ್ಕಿಯ ಇಪ್ಪತ್ತನಾಲ್ಕು ಹದಿನೈದಾಯಿತು, ವರ್ಷಕ್ಕೆ ಒಂಬತ್ತಾಯಿತು. ಮಾತೂ ಅಷ್ಟಿಷ್ಟು ಬಂತು. ನೀರು ಕೊಡು, ಬಸ್ ಬಂತು, ಅತ್ತೆ ಬಾ. ಬರುವ ಕಾಲಕ್ಕೆ ಬಂತೋ, ಸೀಸ ಇಳಿದದ್ದಕ್ಕೆ ಬಂತೋ, ಅದೂ ಗೊತ್ತಿಲ್ಲದ್ದೇ.

ಅಪ್ಪ ಆ ದಿನದಿಂದ ಮೊಮ್ಮಗಳನ್ನು ಮುಟ್ಟಲಿಲ್ಲ. ಜಗಳವಿಲ್ಲ, ಮುನಿಸಿಲ್ಲ, ಯಾರೂ ಬೇಡ ಅಂದದ್ದೂ ಇಲ್ಲ. ಅತ್ತಿಗೆಯೇ ಎಷ್ಟೋ ಸಲ, "ಮಾವ, ಸ್ವಲ್ಪ ಇವಳನ್ನ ಹಿಡ್ಕೊಳ್ಳಿ, ಒಲೆ ಮೇಲೆ ಹಾಲಿದೆ" ಅಂತ ನೆಪ ಮಾಡಿ ಹತ್ತಿರ ತಂದಳು. ಅಪ್ಪ ಕೈಯನ್ನು ಕಂಕುಳಲ್ಲಿ ಸೇರಿಸಿ, "ಹಾಲು ನಾನು ನೋಡ್ತೀನಮ್ಮ" ಅಂತ ಎದ್ದು ಹೋಗುತ್ತಿದ್ದ. ದಿನಕ್ಕೆ ಹತ್ತು ಸಲ, ಚರ್ಮ ಬಿರಿಯುವಷ್ಟು ಕೈ ತೊಳೆಯುತ್ತಿದ್ದ. ಮಗು ಮೊದಮೊದಲು ಹಿಂದೆಯೇ ಹೋಗಿ ಅಂಗೈ ಚಾಚಿ ನಿಲ್ಲುತ್ತಿತ್ತು. ಬರಬರುತ್ತಾ ದೂರದಲ್ಲೇ ನಿಂತು ನೋಡಲು ಕಲಿಯಿತು.

ಪ್ರಬಂಧ ಬರೆಯುವಾಗ ಮೇಡಂ, "ಹತ್ತನೇ ಮನೆಯನ್ನ ಲೆಕ್ಕದಿಂದ ತೆಗೆದುಬಿಡೋಣ. ಕಾರಣ ಒಂದು ಸಾಲು ಬರೆದ್ರೆ ಸಾಕು, ಹೆಚ್ಚು ಬರೆಯೋದು ಬೇಡ" ಅಂದಿದ್ದರು. ದಯೆಯಿಂದ ಅಂದದ್ದು. ಅವಳು ಲೆಕ್ಕದಿಂದ ತೆಗೆದಳು, ಆದರೆ ಬೇರೆ ಅಧ್ಯಾಯ ಮಾಡಿ ಎಲ್ಲವನ್ನೂ ಬರೆದಳು. 'ಇಲ್ಲ' ಅಂತ ತಾನು ಬರೆದದ್ದನ್ನೂ ಬರೆದಳು. ನನ್ನಂಥ ಇನ್ನೊಬ್ಬಳು ಯಾರೋ ಎಲ್ಲೋ ಹೀಗೇ 'ಇಲ್ಲ' ಅಂತ ಬರೆಯುತ್ತಿರುತ್ತಾಳೆ ಮೇಡಂ, ಅಂದಳಂತೆ.

ಅದು ಬರೆದಷ್ಟು ಸುಲಭವಾಗಿ ಅಪ್ಪನ ವಿಷಯ ಬಗೆಹರಿಯಲಿಲ್ಲ. ಅವಳಿಗೆ ಗೊತ್ತಿದ್ದ ವಿದ್ಯೆ ಒಂದೇ, ಅಳೆಯುವುದು. ಒಂದು ಬೆಳಿಗ್ಗೆ ಒದ್ದೆ ಬಟ್ಟೆಯ ಪೊಟ್ಟಣ ತಂದು, "ಅಪ್ಪ, ಕೈ ಕೊಡು" ಅಂದಳು. ಶಾಲೆಯಲ್ಲಿ ಉಗುರು ತೋರಿಸುವ ಮಗುವಿನಂತೆ ಅವನು ಎರಡೂ ಕೈ ಚಾಚಿದ. ಅಂಗೈ, ಬೆರಳ ಸಂದು, ಉಗುರಿನ ಬುಡ ಎಲ್ಲ ಒರೆಸಿ, ಮೂರು ಮಡಿಕೆ ಮಾಡಿ, ಟ್ಯೂಬಿಗೆ ಹಾಕಿ ಕಳಿಸಿದಳು. ಎರಡು ವಾರಕ್ಕೆ ಕಾಗದ ಬಂತು. ಯಂತ್ರಕ್ಕೆ ಸಿಗುವಷ್ಟೂ ಸೀಸವಿಲ್ಲ.

ಬಾಗಿಲ ಮೆಟ್ಟಿಲ ಮೇಲೆ ಕೂತಿದ್ದ ಅಪ್ಪನ ಕೈಗೆ ಕಾಗದ ಕೊಟ್ಟಳು. ಪ್ರೂಫು ಓದುವವನಂತೆ ಮೇಲಿನಿಂದ ಕೆಳಗಿನವರೆಗೆ ಓದಿದ. ಮತ್ತೊಮ್ಮೆ ಓದಿದ.

"ಇದು ಈಗಿನ ಕೈಯದ್ದು" ಅಂದ.

"ಹೂಂ ಅಪ್ಪ. ಈಗ ಏನೂ ಇಲ್ಲ. ಎತ್ತಿಕೋ ಅವಳನ್ನ."

"ನಾನು ಕೇಳಿದ್ದಕ್ಕೆ ಉತ್ತರ ಇದರಲ್ಲಿಲ್ಲ."

"ಅದಕ್ಕೆ ಉತ್ತರ ಎಲ್ಲೂ ಇಲ್ಲ ಅಪ್ಪ. ನನ್ನ ಮೇಡಂ ಹತ್ರ ಇಲ್ಲ, ಅವರ ಮೇಷ್ಟ್ರ ಹತ್ರಾನೂ ಇಲ್ಲ."

"ಹೌದು ಅಂದಿದ್ರೆ ಅತ್ತು ಮುಗಿಸ್ತಿದ್ದೆ ಕಣೇ. ಅಲ್ಲ ಅಂದಿದ್ರೆ ಎತ್ತಿಕೊಳ್ತಿದ್ದೆ. ಇದನ್ನ ಇಟ್ಕೊಂಡು ಏನು ಮಾಡಲಿ?"

ಅಷ್ಟರಲ್ಲಿ ಒಳಗಿನಿಂದ ಚುಕ್ಕಿ ಓಡಿ ಬಂತು. ಹೊಸ ಚಪ್ಪಲಿ ತೋರಿಸಬೇಕಿತ್ತು ಅದಕ್ಕೆ. "ತಾತ, ನೋಡು, ಕೆಂಪು" ಅಂತ ಹೇಳಿ, ಎರಡೂ ತೋಳು ಮೇಲೆತ್ತಿ ಮುಂದೆ ನಿಂತಿತು. ಅಪ್ಪ ಕಾಗದ ಕೆಳಗಿಟ್ಟು ಬಗ್ಗಿದ. ಕೈಗಳು ಮಗುವಿನ ಕಂಕುಳ ತನಕ ಬಂದವು. ಕೈಗಳು ಒಂದು ಬೆರಳಿನಷ್ಟು ದೂರದಲ್ಲಿ ನಿಂತವು, ಹಾಗೇ ಹಿಂದೆ ಸರಿದವು.

"ಅಮ್ಮಾ," ಅಂತ ಸೊಸೆಯನ್ನು ಕೂಗಿದ ಅಪ್ಪ, "ಮಗೂನ ಒಳಗೆ ಕರ್ಕೋ. ಬಿಸಿಲು."

ಆ ದಿನ ಬಿಸಿಲೇ ಇರಲಿಲ್ಲ.